‘ನೆರೆ ಪರಿಹಾರ ಬಂದಿಲ್ಲ’: ಕನ್ನಡದ ಅರ್ಥ ಹಿಡಿಯಲು ಯಂತ್ರಕ್ಕೆ ಯಾವ ದಾರಿ ಕೊಡಬೇಕು?

ಒಂದು ತಾಲ್ಲೂಕು ಕಚೇರಿಯ 10,000 ಅರ್ಜಿಗಳು ನಿಮ್ಮ ಮುಂದಿವೆ ಎಂದುಕೊಳ್ಳಿ. ಎಲ್ಲವೂ ಕನ್ನಡದಲ್ಲಿ, ಟೈಪಾಗಿವೆ. ಹುಡುಕುವ ಪೆಟ್ಟಿಗೆಯಲ್ಲಿ ಯಾರೋ ‘ನೆರೆ ಪರಿಹಾರ ಬಂದಿಲ್ಲ’ ಎಂದು ಬರೆಯುತ್ತಾರೆ. ರಾಶಿಯೊಳಗೆ ಈ ನಾಲ್ಕು ಅರ್ಜಿಗಳಿವೆ:

ಅ. ಪ್ರವಾಹದಲ್ಲಿ ಮನೆ ಬಿದ್ದು ಮೂರು ತಿಂಗಳಾಯ್ತು, ಸರ್ಕಾರದ ದುಡ್ಡು ಇನ್ನೂ ಕೈಸೇರಿಲ್ಲ.
ಆ. ನೆರೆ ಜಮೀನಿನವರ ಕಾಟಕ್ಕೆ ಪರಿಹಾರ ಕೊಡಿಸಿ.
ಇ. ನೆರೆ ಪರಿಹಾರ ಬಂದಿದೆ, ಅರ್ಜಿ ವಾಪಸ್ ಪಡೆಯುತ್ತೇನೆ.
ಈ. ನೆರೆಪರಿಹಾರದ ಹಣ ನಮ್ಮೂರಿಗೇ ಬರಲಿಲ್ರೀ.

ಬೇಕಾದವು ಅ ಮತ್ತು ಈ. ಆ, ಇ ಎರಡೂ ಬೇಡ. ಈ ನಾಲ್ಕನ್ನು ಬೇರೆ ಮಾಡಲು ಯಂತ್ರಕ್ಕೆ ಅರ್ಥವನ್ನು ಹಿಡಿದಿಡುವ ಒಂದು ಬಗೆ ಬೇಕು. ಅಂಥ ಐದು ಬಗೆಗಳನ್ನು ಇದೇ ನಾಲ್ಕು ಸಾಲಿನ ಮೇಲೆ ಕೆಳಗೆ ಹೋಲಿಸಿದೆ. ಆದರೆ ಮಾಡೆಲ್ (ಪಠ್ಯ ಓದಿ ಕಲಿತ ಪ್ರೋಗ್ರಾಮ್) ಯಾವುದು ಎಂದು ಕೇಳುವ ಮೊದಲು ನೋಡಬೇಕಾದ ಜಾಗವೊಂದಿದೆ. ಕನ್ನಡದಲ್ಲಿ ಅರ್ಥ ಮೊದಲು ಸೋರಿಹೋಗುವುದು ಅಲ್ಲೇ.

ಮೊದಲು ಕತ್ತರಿ ನೋಡಿ

ಯಾವ ವಿಧಾನವಾದರೂ ಪಠ್ಯವನ್ನು ತುಂಡು ಮಾಡಿಕೊಂಡೇ ಕೆಲಸ ಶುರುಮಾಡುತ್ತದೆ. ಆ ತುಂಡಿಗೆ ಟೋಕನ್ ಎನ್ನುತ್ತಾರೆ. ಇಂಗ್ಲಿಷ್‌ಗೆಂದು ಮಾಡಿದ ಕತ್ತರಿ ಕನ್ನಡದ ಮೇಲೆ ಹರಿದರೆ ಏನಾಗುತ್ತದೆ ಎಂಬುದನ್ನು ನಮ್ಮ ಪ್ರಶ್ನೆಯ ಮೇಲೇ ನೋಡಬಹುದು.

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಮಾಮೂಲಿ ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ (ಪಠ್ಯದೊಳಗೆ ಹುಡುಕಲು ಬರೆಯುವ ಸೂತ್ರ) ‘ಪದದ ಅಕ್ಷರ’ ಎಂದು ಗುರುತಿಸುವ ಬ್ಯಾಕ್‌ಸ್ಲ್ಯಾಶ್-ಡಬ್ಲ್ಯೂ ಚಿಹ್ನೆ ಇದೆಯಲ್ಲ, ಅದು ಗುಣಿತದ ಚಿಹ್ನೆ, ಅರ್ಧಾಕ್ಷರದ ಚಿಹ್ನೆ, ಅನುಸ್ವಾರ ಯಾವುದನ್ನೂ ಅಕ್ಷರವೆಂದು ಒಪ್ಪುವುದಿಲ್ಲ. ಅಲ್ಲಲ್ಲೇ ಪದವನ್ನು ಮುರಿಯುತ್ತದೆ. ಪೈಥಾನ್‌ನ ಯಂತ್ರಕಲಿಕೆ ಲೈಬ್ರರಿ ಸೈಕಿಟ್-ಲರ್ನ್‌ನಲ್ಲಿ ಪದಗಳ ತೂಕ ಲೆಕ್ಕಹಾಕುವ ಟಿಎಫ್-ಐಡಿಎಫ್ ಸಾಧನ ಇದೇ ಚಿಹ್ನೆಯನ್ನು ಬಳಸುತ್ತದೆ, ಮೇಲಾಗಿ ಒಂದೇ ಅಕ್ಷರದ ತುಂಡುಗಳನ್ನು ಎಸೆಯುತ್ತದೆ. ಹೀಗಾಗಿ ‘ನೆರೆ’ ಎಂಬುದು ‘ನ’, ‘ರ’ ಆಗಿ ಎರಡೂ ಕಸಕ್ಕೆ ಹೋಗುತ್ತವೆ. ‘ಪರಿಹಾರ’ದಲ್ಲಿ ‘ಪರ’ ಮಾತ್ರ ಉಳಿಯುತ್ತದೆ. ‘ಬಂದಿಲ್ಲ’ ಪೂರ್ತಿ ಮಾಯ. ಇಡೀ ಪ್ರಶ್ನೆ ‘ಪರ’ ಎಂಬ ಒಂದೇ ತುಂಡಾಗಿ ಒಳಗೆ ಹೋಗುತ್ತದೆ, ಮತ್ತು ಎಲ್ಲೂ ಎರರ್ ಬರುವುದಿಲ್ಲ. ಪರಿಹಾರ ಸುಲಭ: ಪದ ಗುರುತಿಸುವ ಪ್ಯಾಟರ್ನ್ ಜಾಗದಲ್ಲಿ ಯುನಿಕೋಡ್‌ನ (ಪ್ರತಿ ಲಿಪಿಚಿಹ್ನೆಗೂ ಒಂದು ಸಂಖ್ಯೆ ಕೊಡುವ ಪದ್ಧತಿ) ಕನ್ನಡ ವಿಭಾಗದ ಎಲ್ಲ ಚಿಹ್ನೆಗಳನ್ನೂ ಒಳಗೊಂಡ ಪ್ಯಾಟರ್ನ್ ನೀವೇ ಕೊಡಿ, ಅಥವಾ ಖಾಲಿ ಜಾಗ ಮತ್ತು ವಿರಾಮಚಿಹ್ನೆಗಳಲ್ಲಿ ಮಾತ್ರ ಕತ್ತರಿಸಿ.

ಎರಡನೆಯ ಎಡವಟ್ಟು ಬರ್ಟ್ ಮಾಡೆಲ್‌ಗಳಲ್ಲಿದೆ (ಪದವನ್ನು ಸಂದರ್ಭದೊಡನೆ ಓದುವ ಇವುಗಳ ಮಾತು ಮುಂದೆ ಬರುತ್ತದೆ). ಬಹುಭಾಷಾ ಬರ್ಟ್‌ನ ಎರಡು ರೂಪಗಳಲ್ಲಿ ‘ಅನ್‌ಕೇಸ್ಡ್’ ಎಂಬುದು ಫ್ರೆಂಚ್, ಸ್ಪ್ಯಾನಿಷ್ ಅಕ್ಷರಗಳ ಮೇಲಿನ ಚಿಹ್ನೆಗಳನ್ನು ತೆಗೆದು ಸಮ ಮಾಡುತ್ತದೆ. ಯುನಿಕೋಡ್‌ನಲ್ಲಿ ಕನ್ನಡದ ಇ-ಕಾರ, ಎ-ಕಾರ, ಅರ್ಧಾಕ್ಷರದ ಚಿಹ್ನೆಗಳೂ ಅದೇ ಗುಂಪಿಗೆ ಸೇರಿರುವುದರಿಂದ ಅವೂ ಉದುರುತ್ತವೆ. ‘ನೆರೆ’ ಹೋಗಿ ‘ನರ’ ಆಗುತ್ತದೆ, ‘ಮನೆ’ ಹೋಗಿ ‘ಮನ’. ನೆರೆಯನ್ನು ನರ ಮಾಡಿ ಓದುವ ಯಂತ್ರದಿಂದ ಪ್ರವಾಹದ ಅರ್ಥ ಕೇಳಿ ಏನು ಪ್ರಯೋಜನ? ‘ಕೇಸ್ಡ್’ ರೂಪವನ್ನೇ ಬಳಸಿ. ಭಾರತೀಯ ಭಾಷೆಗಳ ಮೇಲೆ ಕೆಲಸ ಮಾಡುವ ಎಐ4ಭಾರತ್ ತಂಡ 2020ರಲ್ಲಿ ಹೊರತಂದ ಮೊದಲ ಇಂಡಿಕ್‌ಬರ್ಟ್‌ಗೂ ಇಂಥದೇ ಕಾಯಿಲೆ ಇದೆ: ಟೋಕನೈಜರ್ (ಟೋಕನ್ ಮಾಡುವ ಕತ್ತರಿ) ಲೋಡ್ ಮಾಡುವಾಗ ‘ಕೀಪ್ ಆಕ್ಸೆಂಟ್ಸ್’ ಆಯ್ಕೆಯನ್ನು ಆನ್ ಮಾಡದಿದ್ದರೆ ಒತ್ತಕ್ಷರ ಬಿಡಿಸಿಕೊಂಡು ‘ಬಂದಿಲ್ಲ’ ಎಂಬುದು ‘ಬಂದಿಲಲ’ ಆಗುತ್ತದೆ.

ಮೂರನೆಯದು ಪಠ್ಯದ ಶುದ್ಧಿ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ನಡುವೆ ಕಣ್ಣಿಗೆ ಕಾಣದ ಝೀರೋ ವಿಡ್ತ್ ನಾನ್ ಜಾಯಿನರ್ (ಒತ್ತಕ್ಷರ ಆಗದಂತೆ ತಡೆಯುವ ಚಿಹ್ನೆ) ಇರುತ್ತದೆ. ಕೆಲವರು ಅದಿಲ್ಲದೆ ಬರೆಯುತ್ತಾರೆ. ಯಂತ್ರಕ್ಕೆ ಅವು ಬೇರೆಬೇರೆ ಪದ. ‘ರ‍್ಯಾಂಕ್’ ಬರೆಯುವಾಗ ಅಡಗುವ ಝೀರೋ ವಿಡ್ತ್ ಜಾಯಿನರ್ ಒಂದೊಂದು ಕೀಲಿಮಣೆಯಲ್ಲಿ ಒಂದೊಂದು ಕಡೆ ಕೂರುತ್ತದೆ. ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಟೈಪಾಗಿರುವುದು ಹಳೆಯ ಕಡತಗಳಲ್ಲಿ ಸರ್ವೇಸಾಮಾನ್ಯ. ನೋಟಕ್ಕೆ ವ್ಯತ್ಯಾಸವೇ ತಿಳಿಯದು. ನುಡಿ, ಬರಹದ ಹಳೆಯ ಆಸ್ಕಿ ಫಾಂಟುಗಳಲ್ಲಿದ್ದ ಪಠ್ಯವನ್ನಂತೂ ಮೊದಲು ಯುನಿಕೋಡ್‌ಗೆ ತರಲೇಬೇಕು. ಈ ಕ್ರಮ ಇಟ್ಟುಕೊಳ್ಳಿ: ಆಸ್ಕಿಯಿಂದ ಯುನಿಕೋಡ್, ಆಮೇಲೆ ಎನ್‌ಎಫ್‌ಸಿ ನಾರ್ಮಲೈಸೇಶನ್ (ಒಂದೇ ಅಕ್ಷರದ ಬೇರೆಬೇರೆ ಸಂಕೇತಗಳನ್ನು ಒಂದೇ ರೂಪಕ್ಕೆ ತರುವುದು), ಆಮೇಲೆ ಎರಡೂ ಜಾಯಿನರ್‌ಗಳನ್ನು ತೆಗೆಯುವುದು, ಕೊನೆಗೆ ಅಕ್ಷರಗಳ ನಡುವೆ ಸಿಕ್ಕ ಸೊನ್ನೆಯನ್ನು ಅನುಸ್ವಾರ ಮಾಡುವುದು. ಹುಡುಕುವ ಪ್ರಶ್ನೆಗೂ ಇದೇ ಜಾಲರಿ ಹಾಕಬೇಕು. ಕಡತಕ್ಕೆ ಮಾತ್ರ ಹಾಕಿ ಪ್ರಶ್ನೆಯನ್ನು ಮರೆಯುವವರೇ ಹೆಚ್ಚು. ತೋರಿಸುವ ಪ್ರತಿಯನ್ನು ಮುಟ್ಟಬೇಡಿ, ಹುಡುಕುವ ಪ್ರತಿಯನ್ನು ಮಾತ್ರ ಬದಲಿಸಿ.

ಅರ್ಜಿಗಳಿಗೇ ವಿಶೇಷವಾದ ಇನ್ನೊಂದು ಮಾತು. ‘ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಎಂಬ ಸಾಲು ಎಲ್ಲ ಅರ್ಜಿಯಲ್ಲೂ ಇರುತ್ತದೆ. ವೆಕ್ಟರ್ (ಅರ್ಥವನ್ನು ಸೂಚಿಸುವ ಅಂಕಿಗಳ ಸಾಲು) ಮಾಡುವಾಗ ಇದು ಸೇರಿದರೆ ಹತ್ತು ಸಾವಿರ ಅರ್ಜಿಗಳೂ ಒಂದನ್ನೊಂದು ಹೋಲತೊಡಗುತ್ತವೆ. ‘ಇವರಿಗೆ’, ‘ತಮ್ಮ ವಿಶ್ವಾಸಿ’, ಈ ಸಾಲು ಎಲ್ಲವನ್ನೂ ತೆಗೆದು, ‘ವಿಷಯ’ ಎಂದಿರುವ ಸಾಲನ್ನು ಪ್ರತ್ಯೇಕವಾಗಿ ಇಡಿ.

ಪದಕ್ಕೆ ಪದ ಹೊಂದಿಸುವುದು: ಬಿಎಂ25

ಬಿಎಂ25 ಎಂಬುದು ಹುಡುಕುವಾಗ ಕಡತಗಳಿಗೆ ಅಂಕ ಕೊಡುವ ಸೂತ್ರ. ಇಲ್ಲಿ ಯಂತ್ರ ಭಾಷೆ ಕಲಿಯುವುದೇ ಇಲ್ಲ, ಎಣಿಸುತ್ತದೆ. ಅಪರೂಪದ ಪದಕ್ಕೆ ಹೆಚ್ಚು ತೂಕ, ಎಲ್ಲೆಡೆ ಇರುವ ಪದಕ್ಕೆ ಕಡಿಮೆ. 1972ರಲ್ಲಿ ಕಂಪ್ಯೂಟರ್ ವಿಜ್ಞಾನಿ ಕರೆನ್ ಸ್ಪಾರ್ಕ್ ಜೋನ್ಸ್ ಕೊಟ್ಟ ಯೋಚನೆ ಇದು, ಇಂದಿಗೂ ಮುಪ್ಪಾಗಿಲ್ಲ. ಎಲಾಸ್ಟಿಕ್‌ಸರ್ಚ್ ಎಂಬ ಹುಡುಕುವ ಸಾಫ್ಟ್‌ವೇರ್‌ನಲ್ಲಿ ಕೆ1 (ಪದ ಮರಳಿ ಬಂದಾಗಿನ ತೂಕ) = 1.2, ಬಿ (ಕಡತದ ಉದ್ದದ ಪ್ರಭಾವ) = 0.75 ಎಂಬ ಮೂಲ ಮೌಲ್ಯಗಳನ್ನೇ ಬಿಟ್ಟರೂ ನಡೆಯುತ್ತದೆ.

ನಮ್ಮ ನಾಲ್ಕು ಸಾಲಿನ ಮೇಲೆ ಇದು ಕೈಕೊಡುವ ರೀತಿ ಮಾತ್ರ ನಗು ತರಿಸುತ್ತದೆ. ‘ನೆರೆ’, ‘ಪರಿಹಾರ’ ಎರಡೂ ಇಡಿಯಾಗಿ ಇರುವುದು ಆ ಮತ್ತು ಇ-ಯಲ್ಲಿ. ಅ-ದಲ್ಲಿ ಒಂದು ಪದವೂ ಹೊಂದುವುದಿಲ್ಲ, ಈ-ಯಲ್ಲಿ ಎರಡು ಪದ ಅಂಟಿಕೊಂಡು ವಿಭಕ್ತಿಯೂ ಸೇರಿದೆ. ಅಂದರೆ ಬೇಡವಾದ ಎರಡೂ ಮೇಲೆ, ಬೇಕಾದ ಎರಡೂ ಶೂನ್ಯ.

ಅರ್ಧ ತಪ್ಪನ್ನು ಪ್ರತ್ಯಯ ಕತ್ತರಿಸಿ ಸರಿಪಡಿಸಬಹುದು. ಉದ್ದದ ಪ್ರತ್ಯಯದಿಂದ ಶುರುಮಾಡಿ: ಗಳಲ್ಲಿ, ಗಳಿಂದ, ಗಳಿಗೆ, ನಂತರ ಯಲ್ಲಿ, ದಲ್ಲಿ, ವನ್ನು, ಯನ್ನು, ಕ್ಕೆ. ಬರೀ ‘ಲ್ಲಿ’ ಕತ್ತರಿಸಿದರೆ ಗೋಡೆಯ ಮೇಲಿನ ಹಲ್ಲಿ ‘ಹ’ ಆಗುತ್ತದೆ. ‘ಗೆ’ ಕತ್ತರಿಸಿದರೆ ಮಲ್ಲಿಗೆ, ಸಂಪಿಗೆ, ಅಡುಗೆ, ಬೇಸಿಗೆ ಎಲ್ಲಕ್ಕೂ ಬಾಲ ಹೋಗುತ್ತದೆ. ಕನಿಷ್ಠ ಎರಡು ಅಕ್ಷರ ಉಳಿಯಬೇಕೆಂಬ ನಿಯಮ ಹಲ್ಲಿಯನ್ನು ಉಳಿಸುತ್ತದೆ, ಸಂಪಿಗೆಯನ್ನು ಉಳಿಸುವುದಿಲ್ಲ. ಅದಕ್ಕೆ ನಿಘಂಟು ಬೇಕು. ವಿ. ಕೃಷ್ಣ ಅವರ ‘ಅಲರ್’ ಕನ್ನಡ-ಇಂಗ್ಲಿಷ್ ನಿಘಂಟು ಮುಕ್ತ ಪರವಾನಗಿಯಲ್ಲಿ ಸಿಗುತ್ತದೆ. ಪದ ನಿಘಂಟಿನಲ್ಲಿ ಇದ್ದಹಾಗೇ ಇದ್ದರೆ ಕತ್ತರಿಸಬೇಡ ಎಂಬ ಒಂದೇ ಷರತ್ತು ಇಂಥ ಬಹುಪಾಲು ತಪ್ಪನ್ನು ತಡೆಯುತ್ತದೆ. ಅಂಟಿದ ‘ನೆರೆಪರಿಹಾರ’ದಂಥ ಸಮಾಸಗಳಿಗೆ ಮೂರು ಮೂರು ಅಕ್ಷರದ ತುಂಡುಗಳ ಸೂಚಿಯನ್ನೂ ಜೊತೆಗಿಡಿ. ಇಲ್ಲಿ ಅಕ್ಷರವೆಂದರೆ ‘ಲ್ಲಿ’ಯಂಥ ಇಡೀ ಕಾಗುಣಿತದ ಅಕ್ಷರ, ಯುನಿಕೋಡ್ ಸಂಖ್ಯೆಯಲ್ಲ.

ಸರ್ವೆ ನಂಬರು, ಊರ ಹೆಸರು, ವ್ಯಕ್ತಿಯ ಹೆಸರು ಹುಡುಕುವ ಕೆಲಸದಲ್ಲಿ ಇದನ್ನು ಮೀರಿಸುವುದು ಕಷ್ಟ. ಮುಂದಿನ ಯಾವ ವಿಧಾನ ಆಯ್ದರೂ ಇದನ್ನು ಕಿತ್ತುಹಾಕಬೇಡಿ.

ಕೈಯಾರೆ ಕಟ್ಟಿದ ಅರ್ಥಜಾಲ: ವರ್ಡ್‌ನೆಟ್

ಸಮಾನಾರ್ಥಕ ಪದಗಳನ್ನು ಗುಂಪು ಮಾಡಿ, ಗುಂಪುಗಳನ್ನು ಒಂದಕ್ಕೊಂದು ಹೆಣೆಯುವ ಇದು ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ 1985ರಲ್ಲಿ ಶುರುವಾದ ಮಾದರಿ. ಐಐಟಿ ಬಾಂಬೆಯ ಮುಂದಾಳತ್ವದ ಇಂಡೋವರ್ಡ್‌ನೆಟ್‌ನಲ್ಲಿ ಕನ್ನಡವೂ ಇದೆ. ‘ನೆರೆ’ ಮತ್ತು ‘ಪ್ರವಾಹ’ ಒಂದೇ ಗುಂಪಿಗೆ ಸೇರಿದ್ದರೆ ಅ ಸಿಗುತ್ತದೆ. ಯಾಕೆ ಸಿಕ್ಕಿತು ಎಂದೂ ತೋರಿಸಬಹುದು. ಆದರೆ ಭಾರತೀಯ ಭಾಷೆಗಳ ಈ ಜಾಲ ಬಹುಮಟ್ಟಿಗೆ ಹಿಂದಿಯ ಪರಿಕಲ್ಪನೆಗಳನ್ನು ಆಧಾರವಾಗಿಟ್ಟು ಬೆಳೆದದ್ದು. ಹಿಂದಿಯಲ್ಲಿ ಬುವಾ, ಮಾಮೀ, ಸಾಸ್ ಮೂವರು; ಕನ್ನಡದಲ್ಲಿ ಮೂವರೂ ಅತ್ತೆ. ಇಂಥ ಕಡೆ ಜಾಲದ ಗಂಟುಗಳು ನಮ್ಮ ಗಂಟುಗಳಲ್ಲ. ಪೂರ್ತಿ ವರ್ಡ್‌ನೆಟ್ ಹೊರುವ ಬದಲು ನಿಮ್ಮ ಕ್ಷೇತ್ರದ 200–300 ಸಮಾನಾರ್ಥಕಗಳ ಪಟ್ಟಿಯನ್ನು ಆ ಕಚೇರಿಯ ಗುಮಾಸ್ತರೊಡನೆ ಕೂತು ಮಾಡಿ ಬಿಎಂ25ಕ್ಕೆ ಕೊಡುವುದು ವಾಸಿ: ಪ್ರವಾಹ-ನೆರೆ-ಹೊಳೆ ಬಂದದ್ದು, ಪಹಣಿ-ಉತಾರ-ಆರ್‌ಟಿಸಿ. ಉತ್ತರ ಕರ್ನಾಟಕದವರು ಉತಾರ ಎಂದೇ ಬರೆಯುತ್ತಾರೆ ಎಂಬುದು ಯಾವ ಮಾಡೆಲ್‌ಗಿಂತ ಮೊದಲು ಆ ಗುಮಾಸ್ತರಿಗೆ ಗೊತ್ತಿರುತ್ತದೆ.

ಪದಕ್ಕೊಂದು ವೆಕ್ಟರ್: ವರ್ಡ್2ವೆಕ್, ಫಾಸ್ಟ್‌ಟೆಕ್ಸ್ಟ್

2013ರ ವರ್ಡ್2ವೆಕ್‌ನಿಂದ ಯಂತ್ರ ಕಲಿಯುವ ಬಗೆ ಬದಲಾಯಿತು. ಪದದ ಅಕ್ಕಪಕ್ಕ ಯಾವ ಪದಗಳು ಬರುತ್ತವೆ ಎಂದು ಊಹಿಸುತ್ತಾ, ತಪ್ಪಿದಾಗ ಅಂಕಿಗಳನ್ನು ತಿದ್ದುತ್ತಾ ಹೋಗುತ್ತದೆ. ಕೊನೆಗೆ ಒಂದೊಂದು ಪದಕ್ಕೆ ಸುಮಾರು 100–300 ಅಂಕಿಗಳ ಒಂದು ಸಾಲು ಉಳಿಯುತ್ತದೆ. ಒಂದೇ ಬಗೆಯ ಸಹವಾಸದ ಪದಗಳು ಹತ್ತಿರ ಬರುತ್ತವೆ. ಸಹವಾಸವೇ ಅರ್ಥ ಎಂಬ ಈ ನಂಬಿಕೆಯಲ್ಲೇ ಅದರ ಮಿತಿಯೂ ಇದೆ: ಗೆಲುವು-ಸೋಲು, ಬಿಸಿ-ತಂಪು, ಬೇಕು-ಬೇಡ ಇವುಗಳ ನೆರೆಹೊರೆ ಒಂದೇ, ಹಾಗಾಗಿ ಅವೂ ಹತ್ತಿರ ಕೂರುತ್ತವೆ.

‘ನೆರೆ’ಯ ವಿಷಯದಲ್ಲಿ ಇದು ಇನ್ನೂ ಜಟಿಲ. ಪ್ರವಾಹ, ಪಕ್ಕದ, ಬೆಳ್ಳಗಾದ ಕೂದಲು ಎಂಬ ಮೂರೂ ಅರ್ಥಕ್ಕೆ ಒಂದೇ ವೆಕ್ಟರ್. ಪತ್ರಿಕೆಗಳ ಪಠ್ಯದಲ್ಲಿ ಕಲಿಸಿದರೆ ತೊಡಕು ಹೆಚ್ಚುತ್ತದೆ: ‘ನೆರೆಯ ಮಹಾರಾಷ್ಟ್ರದಲ್ಲಿ ಮಳೆ, ಬೆಳಗಾವಿ ಜಿಲ್ಲೆಯಲ್ಲಿ ನೆರೆ’ ಎಂಬ ಬಗೆಯ ವಾಕ್ಯ ಪ್ರತಿ ಮಳೆಗಾಲವೂ ಬರುತ್ತದೆ, ಎರಡು ಅರ್ಥಕ್ಕೂ ಸಹವಾಸ ಒಂದೇ ಆಗಿಬಿಡುತ್ತದೆ.

ಕನ್ನಡಕ್ಕೆ ವರ್ಡ್2ವೆಕ್‌ಗಿಂತ ಫಾಸ್ಟ್‌ಟೆಕ್ಸ್ಟ್ ಮೇಲು, ಏಕೆಂದರೆ ಅದು ಪದವನ್ನು ಚಿಕ್ಕ ತುಂಡುಗಳ ಮೊತ್ತವಾಗಿ ನೋಡುತ್ತದೆ. ಕಾಣದ ವಿಭಕ್ತಿರೂಪಕ್ಕೂ ವೆಕ್ಟರ್ ಕಟ್ಟಬಲ್ಲದು. ಆದರೆ ಸಿದ್ಧವಾಗಿ ಸಿಗುವ ವೆಕ್ಟರ್‌ಗಳಲ್ಲಿ ಒಂದು ಸೂಕ್ಷ್ಮವಿದೆ. 2018ರಲ್ಲಿ 157 ಭಾಷೆಗಳಿಗೆ ಬಿಟ್ಟ ಮಾಡೆಲ್‌ಗಳು ಐದೇ ಐದು ಯುನಿಕೋಡ್ ಚಿಹ್ನೆಗಳ ತುಂಡುಗಳನ್ನು ಬಳಸುತ್ತವೆ. ಪದದ ಎರಡು ತುದಿಗೂ ಗಡಿಚಿಹ್ನೆ ಸೇರಿಸಿದ ಮೇಲೆ ‘ಮನೆ’ ಎಂದರೆ ಗಡಿ, ಮ, ನ, ಎ-ಕಾರ, ಗಡಿ: ಸರಿಯಾಗಿ ಐದು, ಒಂದೇ ತುಂಡು. ‘ಮನೆಯಲ್ಲಿ’ಯಲ್ಲಿ ಅಂಥ ಆರು ತುಂಡುಗಳಿವೆ, ಮೊದಲನೆಯದು ‘ಗಡಿ-ಮ-ನ-ಎಕಾರ-ಯ’. ಆರರಲ್ಲಿ ಒಂದೂ ‘ಮನೆ’ಯ ತುಂಡಿಗೆ ಹೊಂದುವುದಿಲ್ಲ! ತುಂಡುಗಳ ಲೆಕ್ಕದಲ್ಲಿ ಮನೆಗೂ ಮನೆಯಲ್ಲಿಗೂ ಸಂಬಂಧವೇ ಇಲ್ಲ. ನೀವೇ ತರಬೇತಿ ಕೊಡುವಾಗ ಮೂಲ ಆಯ್ಕೆಯಾದ 3ರಿಂದ 6 ಇಟ್ಟರೆ ಮೂರು ತುಂಡುಗಳು ಹಂಚಿಕೆಯಾಗುತ್ತವೆ. ಆದ್ದರಿಂದ ಚಿಕ್ಕ ಪದಗಳು ಹೆಚ್ಚಿರುವ ಕೆಲಸಕ್ಕೆ ಸಿದ್ಧ ವೆಕ್ಟರ್ ನೆಚ್ಚದೆ ಸ್ವಂತ ಪಠ್ಯದಲ್ಲಿ ಕಲಿಸಿ.

ಮೆಮೊರಿಯನ್ನೂ ಲೆಕ್ಕ ಹಾಕಿಕೊಳ್ಳಿ. ತುಂಡುಗಳಿಗೆಂದೇ ಇಡುವ 20 ಲಕ್ಷ ಜಾಗಗಳು × ಆಯಾಮ (ಒಂದು ವೆಕ್ಟರ್‌ನ ಅಂಕಿಗಳು) 300 × 4 ಬೈಟ್, ಅಂದರೆ 2.4 ಜಿಬಿ, ಪದಗಳ ಪಟ್ಟಿ ಬೇರೆ. ಆಯಾಮವನ್ನು 100ಕ್ಕೆ ಇಳಿಸಿದರೆ 800 ಎಂಬಿ. ಜಿಪಿಯು ಬೇಡ, ವೇಗವೂ ಇದೆ. ಕಾಗುಣಿತ ತಪ್ಪಿದ ಪದಗಳಿಗೆ ಹತ್ತಿರದ ಪದ ಸೂಚಿಸಲು, ಸಮಾನಾರ್ಥಕ ಪಟ್ಟಿಗೆ ಅಭ್ಯರ್ಥಿಗಳನ್ನು ಹುಡುಕಲು ಈಗಲೂ ಒಳ್ಳೆಯ ಹತಾರ. ವಾಕ್ಯದ ಅರ್ಥಕ್ಕೆ ಪದಗಳ ಸರಾಸರಿ ತೆಗೆಯುವುದನ್ನು ಮಾತ್ರ ಬಿಡಿ. ಮೂರರಲ್ಲಿ ಎರಡು ಪದ ಒಂದೇ ಆಗಿರುವ ಇ ಮೇಲೆ ಬಂದು ಕೂರುತ್ತದೆ.

ಸಂದರ್ಭ ನೋಡುವ ಮಾಡೆಲ್‌ಗಳು

2018ರ ಬರ್ಟ್ ವಾಕ್ಯದ ಶೇಕಡಾ 15ರಷ್ಟು ಟೋಕನ್‌ಗಳನ್ನು ಆರಿಸಿ, ಬಹುಪಾಲನ್ನು ಮುಚ್ಚಿಟ್ಟು, ಎರಡೂ ಕಡೆಯ ಪದಗಳಿಂದ ಅವನ್ನು ಊಹಿಸಿ ಕಲಿಯಿತು. ಹೀಗಾಗಿ ‘ನೆರೆ ಜಮೀನು’, ‘ನೆರೆ ಪರಿಹಾರ’ ಎರಡರಲ್ಲಿ ‘ನೆರೆ’ಗೆ ಬೇರೆಬೇರೆ ವೆಕ್ಟರ್. ಕನ್ನಡಕ್ಕೆ ಆಯಲು ಮುಖ್ಯವಾಗಿ ಇವಿವೆ: 104 ಭಾಷೆಗಳ ಬಹುಭಾಷಾ ಬರ್ಟ್; 2019ರ, 100 ಭಾಷೆಗಳ ಎಕ್ಸ್‌ಎಲ್‌ಎಂ-ಆರ್; ಗೂಗಲ್‌ನ ಭಾರತದ ಸಂಶೋಧನಾ ತಂಡ ಇಂಗ್ಲಿಷ್ ಮತ್ತು 16 ಭಾರತೀಯ ಭಾಷೆಗಳಿಗೆ ಮಾಡಿದ ಮ್ಯೂರಿಲ್; ಎಐ4ಭಾರತ್‌ನ ಇಂಡಿಕ್‌ಬರ್ಟ್.

ಅರ್ಜಿಗಳನ್ನು ವಿಂಗಡಿಸುವುದು, ಅಂದರೆ ಕಂದಾಯ, ಪಿಂಚಣಿ, ಪ್ರವಾಹ ಎಂದು ವರ್ಗ ಮಾಡುವುದು ನಿಮ್ಮ ಕೆಲಸವಾದರೆ ಮೊದಲು ಮ್ಯೂರಿಲ್ ನೋಡಿ. ಇಂಗ್ಲಿಷ್ ಲಿಪಿಯಲ್ಲಿ ಬರೆದ ಭಾರತೀಯ ಭಾಷೆಗಳ ಪಠ್ಯವನ್ನೂ ಅದಕ್ಕೆ ಕಲಿಸಿದ್ದಾರೆ. ವಾಟ್ಸಾಪ್‌ನಲ್ಲಿ ಬರುವ ದೂರುಗಳು ಬಹಳಷ್ಟು ಹಾಗೇ ಇರುತ್ತವೆ. ವರ್ಗಕ್ಕೆ 200–300 ಗುರುತು ಹಾಕಿದ ಅರ್ಜಿಗಳಿದ್ದರೆ ಶುರುಮಾಡಬಹುದು. ತರಬೇತಿಗೆ ಬ್ಯಾಚ್ (ಒಮ್ಮೆಗೆ ಓದಿಸುವ ಅರ್ಜಿಗಳು) 16 ಅಥವಾ 32, ಕಲಿಕೆಯ ದರ (ಪ್ರತಿ ಸಲ ಅಂಕಿಗಳನ್ನು ತಿದ್ದುವ ಪ್ರಮಾಣ) 0.00002ರಿಂದ 0.00005, 3–4 ಸುತ್ತು. ಎಲ್ಲ ಅರ್ಜಿಗೂ ಒಂದೇ ಉತ್ತರ ಬರತೊಡಗಿದರೆ ದರ ಹೆಚ್ಚಾಗಿದೆ ಎಂದು ಮೊದಲು ಅನುಮಾನಿಸಿ. 512 ಟೋಕನ್ ಮೀರಿದ ಭಾಗಕ್ಕೆ ಜಾಗವಿಲ್ಲ. ಸಾಮಾನ್ಯವಾಗಿ ಅದನ್ನು ಕತ್ತರಿಸಿ ಎಸೆಯುವಂತೆಯೇ ಸೆಟ್ಟಿಂಗ್ ಇಟ್ಟಿರುತ್ತಾರೆ. ಅರ್ಜಿಯ ಅಸಲು ಬೇಡಿಕೆ ಕೊನೆಯ ಪ್ಯಾರಾದಲ್ಲಿ ಇರುವುದೇ ರೂಢಿ ಎಂಬುದು ನೆನಪಿರಲಿ.

ಹುಡುಕುವ ಕೆಲಸಕ್ಕೆ ಇವುಗಳನ್ನು ನೇರ ಬಳಸಬೇಡಿ. ತಿದ್ದದ ಬರ್ಟ್ ವೆಕ್ಟರ್‌ಗಳ ಸರಾಸರಿ ವಾಕ್ಯ ಹೋಲಿಕೆಯಲ್ಲಿ ಹಳೆಯ ಪದ ವೆಕ್ಟರ್‌ಗಳ ಸರಾಸರಿಗಿಂತಲೂ ಕೆಟ್ಟದೆಂದು 2019ರ ಸೆಂಟೆನ್ಸ್-ಬರ್ಟ್ ಪ್ರಬಂಧ ಇಂಗ್ಲಿಷ್‌ನಲ್ಲೇ ತೋರಿಸಿತು. ವಾಕ್ಯಗಳನ್ನು ಹೋಲಿಸಲೆಂದೇ ತರಬೇತಾದವು ಬೇಕು: ಲ್ಯಾಬ್‌ಸಿ, ಬಹುಭಾಷಾ ಇ5, ಬಿಜಿಇ-ಎಂ3. ಲ್ಯಾಬ್‌ಸಿ ಅನುವಾದದ ಜೋಡಿಗಳನ್ನು ಹತ್ತಿರ ತರಲು ಕಲಿತದ್ದು. ಕನ್ನಡ-ಇಂಗ್ಲಿಷ್ ಸಮಾನ ವಾಕ್ಯ ಹುಡುಕಲು ಚೆನ್ನ, ಪ್ರಶ್ನೆಗೆ ಉತ್ತರದ ಪ್ಯಾರಾ ಹುಡುಕಲು ಅಷ್ಟಕ್ಕಷ್ಟೆ. ಇ5ಕ್ಕೆ ಪ್ರಶ್ನೆಯ ಮುಂದೆ ‘ಕ್ವೆರಿ’, ಕಡತದ ಮುಂದೆ ‘ಪ್ಯಾಸೇಜ್’ ಎಂಬ ಇಂಗ್ಲಿಷ್ ಪೂರ್ವಪದ ಹಾಕಬೇಕು, ಮರೆತರೆ ಫಲಿತಾಂಶ ಕುಸಿಯುತ್ತದೆ. ಅದರ ಹೋಲಿಕೆ ಅಂಕಗಳು ಬಹುತೇಕ 0.7ರ ಮೇಲೇ ಇರುತ್ತವೆ, 0.8 ಬಂತೆಂದು ಹಿಗ್ಗಬೇಡಿ, ಕ್ರಮ ಮಾತ್ರ ನೋಡಿ. ಬಿಜಿಇ-ಎಂ3 8,192 ಟೋಕನ್‌ವರೆಗೆ ಓದುತ್ತದೆ, ಉದ್ದ ಕಡತಕ್ಕೆ ಅನುಕೂಲ.

ಇವುಗಳಲ್ಲಿ ಅ ಮೇಲೆ ಬರುವ ಸಂಭವ ಹೆಚ್ಚು, ಆ ಕೆಳಗಿಳಿಯುತ್ತದೆ. ಇ ಮಾತ್ರ ಹಟಮಾರಿ. ‘ಬಂದಿದೆ’ಗೂ ‘ಬಂದಿಲ್ಲ’ಕ್ಕೂ ಇರುವ ಅಂತರ ಓದುವವರಿಗೆ ಆಕಾಶ-ಭೂಮಿ, ವೆಕ್ಟರ್‌ನಲ್ಲಿ ಕೂದಲೆಳೆ. ಕನ್ನಡದಲ್ಲಿ ನಿಷೇಧ ಪದದ ಬಾಲದಲ್ಲಿ ಅಡಗುವುದರಿಂದ (ಬಾರದು, ಬರಲಿಲ್ಲ, ಬಂದಿಲ್ರೀ) ಕತ್ತರಿ ಅದನ್ನು ಯಾವ ತುಂಡಿಗೆ ಸೇರಿಸಿತು ಎಂಬುದೂ ಫಲಿತಾಂಶವನ್ನು ತಿರುಗಿಸುತ್ತದೆ.

ಹತ್ತು ಸಾವಿರ ಅರ್ಜಿ × ಒಂದೊಂದು ವೆಕ್ಟರ್‌ಗೆ 768 ಅಂಕಿ × 4 ಬೈಟ್ ಸುಮಾರು 31 ಎಂಬಿ ಮಾತ್ರ. ಇದಕ್ಕೆ ವೆಕ್ಟರ್ ಡೇಟಾಬೇಸ್ ಕೊಳ್ಳಿರೆಂದು ಯಾರಾದರೂ ಹೇಳಿದರೆ ನಯವಾಗಿ ಬೇಡವೆನ್ನಿ. ಪೈಥಾನ್‌ನ ಲೆಕ್ಕದ ಲೈಬ್ರರಿ ನಮ್‌ಪೈನಲ್ಲಿ ಒಂದು ಗುಣಾಕಾರ ಸಾಕು.

ದೊಡ್ಡ ಭಾಷಾ ಮಾಡೆಲ್‌ಗಳು

ಮುಂದಿನ ಟೋಕನ್ ಯಾವುದೆಂದು ಊಹಿಸುತ್ತಾ ಕಲಿತವು, ಆಮೇಲೆ ಸೂಚನೆ ಪಾಲಿಸಲು ಪಳಗಿದವು. ‘ಪರಿಹಾರ ಸಿಕ್ಕಿಲ್ಲ ಎಂದು ಈ ಅರ್ಜಿ ಹೇಳುತ್ತದೆಯೇ? ಹೌದು ಅಥವಾ ಇಲ್ಲ ಎಂದಷ್ಟೇ ಉತ್ತರಿಸು’ ಎಂದು ಕೇಳಿದರೆ ಇ-ಯನ್ನು ಹೊರಗಿಡುವ ಕೆಲಸವನ್ನು ಇವು ಉಳಿದೆಲ್ಲಕ್ಕಿಂತ ಚೆನ್ನಾಗಿ ಮಾಡುತ್ತವೆ. ಧಾರವಾಡದ ‘ಬರಲಿಲ್ರೀ’ಯನ್ನೂ ಹಿಡಿಯುವ ಸಾಧ್ಯತೆ ಹೆಚ್ಚು.

ಬೆಲೆ ಬೀಳುವುದು ಟೋಕನ್ ಲೆಕ್ಕದಲ್ಲಿ. ಕನ್ನಡದ ಒಂದೊಂದು ಯುನಿಕೋಡ್ ಚಿಹ್ನೆ ಯುಟಿಎಫ್-8ನಲ್ಲಿ 3 ಬೈಟ್. ‘ಮನೆಯಲ್ಲಿ’ ನಮಗೆ 4 ಅಕ್ಷರ, ಯುನಿಕೋಡ್‌ಗೆ 8 ಚಿಹ್ನೆ, ಬೈಟ್ ಲೆಕ್ಕದಲ್ಲಿ 24. ಕನ್ನಡವನ್ನು ಹೆಚ್ಚು ಕಾಣದ ಟೋಕನೈಜರ್ ಬೈಟ್‌ಗಳವರೆಗೂ ಒಡೆಯುತ್ತದೆ: ದುಡ್ಡು ಹೆಚ್ಚು, ವೇಗ ಕಡಿಮೆ, ಅರ್ಥದ ತುಂಡು ಚೂರುಚೂರು. ಬೆಂಗಳೂರಿನ ಸರ್ವಂ ಸಂಸ್ಥೆ 2024ರಲ್ಲಿ ಬಿಟ್ಟ, 200 ಕೋಟಿ ಪ್ಯಾರಾಮೀಟರ್‌ಗಳ (ಕಲಿಯುವಾಗ ತಿದ್ದಿಕೊಳ್ಳುವ ಅಂಕಿಗಳು) ಸರ್ವಂ-1 ಈ ಟೋಕನ್ ತೊಂದರೆಯನ್ನೇ ಗುರಿಯಾಗಿಟ್ಟು ಕನ್ನಡವೂ ಸೇರಿ 10 ಭಾರತೀಯ ಭಾಷೆಗಳಿಗೆ ಮಾಡಿದ್ದು. ಯಾವುದನ್ನೇ ಕೊಳ್ಳುವ ಮೊದಲು ನಿಮ್ಮ 100 ಅರ್ಜಿಗಳ ಒಟ್ಟು ಟೋಕನ್‌ಗಳನ್ನು ಒಟ್ಟು ಪದಗಳಿಂದ ಭಾಗಿಸಿ. 2ರ ಆಸುಪಾಸು ಬಂದರೆ ಒಳ್ಳೆಯದು. 6 ದಾಟಿದರೆ ಬೇರೆಯದನ್ನು ಹುಡುಕಿ.

ಹತ್ತು ಸಾವಿರ ಅರ್ಜಿಯನ್ನೂ ಪ್ರತಿ ಪ್ರಶ್ನೆಗೆ ಇದಕ್ಕೆ ಓದಿಸುವುದು ಹುಚ್ಚುತನ. ಹೊರಗಿನ ಸೇವೆಯಾದರೆ ಆಧಾರ್, ಮೊಬೈಲ್, ಖಾತೆ ಸಂಖ್ಯೆಗಳನ್ನು ಮುಚ್ಚಿಯೇ ಕಳಿಸಬೇಕು. ಕನ್ನಡ ಅಂಕಿಯಲ್ಲಿ ಬರೆದ ಸಂಖ್ಯೆಗಳು ಮುಚ್ಚುವ ಪ್ರೋಗ್ರಾಮಿನ ಕಣ್ಣಿಗೆ ಬೀಳುತ್ತವೆಯೇ ಎಂದೂ ನೋಡಿ.

ಹಾಗಾದರೆ ಏನು ಆಯುವುದು?

ಇಂಥ ಅರ್ಜಿ ರಾಶಿಗೆ ನಮ್ಮ ಆಯ್ಕೆ ಮೂರು ಮೆಟ್ಟಿಲು. ಪ್ರತ್ಯಯ ಕತ್ತರಿಸಿದ ಬಿಎಂ25ರಿಂದ 50, ವಾಕ್ಯ ವೆಕ್ಟರ್‌ನಿಂದ 50 ತೆಗೆಯಿರಿ. ಎರಡರ ಅಂಕಗಳನ್ನು ಕೂಡಬೇಡಿ, ಅವುಗಳ ಅಳತೆಗೋಲೇ ಬೇರೆ. ಪ್ರತಿ ಪಟ್ಟಿಯಲ್ಲಿ ಅರ್ಜಿಯ ಸ್ಥಾನಕ್ಕೆ 60 ಕೂಡಿ, 1ನ್ನು ಅದರಿಂದ ಭಾಗಿಸಿ, ಬಂದದ್ದನ್ನು ಒಟ್ಟುಮಾಡಿ. ಮೇಲಿನ 20ನ್ನು ಮಾತ್ರ ದೊಡ್ಡ ಮಾಡೆಲ್‌ಗೆ ಹೌದು-ಇಲ್ಲ ಕೇಳಿ. ಹೆಸರು, ಸಂಖ್ಯೆ ಹುಡುಕುವುದಷ್ಟೇ ಇದ್ದರೆ ಮೊದಲ ಮೆಟ್ಟಿಲಲ್ಲೇ ನಿಲ್ಲಿ. ವಿಂಗಡಣೆ ಮಾತ್ರವಾದರೆ ಮ್ಯೂರಿಲ್ ಸಾಕು, ಉಳಿದದ್ದು ಖರ್ಚು. ಇಂಟರ್‌ನೆಟ್ ಇಲ್ಲದ ಹಳೆಯ ಕಂಪ್ಯೂಟರಾದರೆ ಬಿಎಂ25 ಮತ್ತು ಗುಮಾಸ್ತರ ಪಟ್ಟಿ.

ಪರೀಕ್ಷೆಗೆ 100 ಜೋಡಿ ವಾಕ್ಯ ಕೈಯಾರೆ ಬರೆಯಿರಿ: 25 ವಿಭಕ್ತಿ ಮತ್ತು ಸಂಧಿಯವು, 25 ನೆರೆ, ಕಾಲು, ಹತ್ತು, ಅರಸು ಥರದ ಎರಡರ್ಥದವು, 25 ನಿಷೇಧದವು, 25 ಆಡುಮಾತು ಮತ್ತು ಇಂಗ್ಲಿಷ್ ಲಿಪಿಯವು. ನಾಲ್ಕರ ಅಂಕವನ್ನೂ ಬೇರೆಬೇರೆ ಬರೆದಿಡಿ. ಸರಾಸರಿ ತೆಗೆದರೆ ನಿಷೇಧದ 25ರಲ್ಲಿ 20 ತಪ್ಪಿದ್ದು ಮುಚ್ಚಿಹೋಗುತ್ತದೆ.

ಮಾಡೆಲ್‌ನ ಹೊಸ ಆವೃತ್ತಿ ಬಂದಾಗ ಹಳೆಯ ವೆಕ್ಟರ್‌ಗಳನ್ನು ಪೂರ್ತಿ ಅಳಿಸಿ ಎಲ್ಲ ಅರ್ಜಿಗೂ ಮತ್ತೆ ಮಾಡಬೇಕು. ಹಳೆಯದೂ 768, ಹೊಸದೂ 768 ಆದರೆ ಬೆರೆಸಿದರೂ ಪ್ರೋಗ್ರಾಮ್ ತಕರಾರು ಮಾಡುವುದಿಲ್ಲ. ಆದರೆ ಬೆರೆಸಿದ ದಿನದಿಂದ ಹೊಸ ಅರ್ಜಿಗಳು ಮಾತ್ರ ಸಿಗುತ್ತಾ, ಹಳೆಯವು ಸುಮ್ಮನೆ ಕಾಣೆಯಾಗುತ್ತವೆ. ಹೀಗಾಗಿ ಪ್ರತಿ ವೆಕ್ಟರ್ ಪಕ್ಕ ಮಾಡೆಲ್‌ನ ಹೆಸರು, ಆವೃತ್ತಿ, ಶುದ್ಧಿ ಜಾಲರಿಯ ದಿನಾಂಕ ಮೂರನ್ನೂ ಬರೆದಿಡಿ.